ತೊಟ್ಟಿಲಿಗೆ ಕಟ್ಟಿದ ಊಟದ ಗಂಟೆ

ಆಂಗ್ಲರ ಮನೆಗಳಲ್ಲಿ ಊಟದ ಮೇಜಿನ ಮೇಲೆ ಯಜಮಾನಿಯ ಕೈಯಳವಿನಲ್ಲಿರುತ್ತಿದ್ದ, ಮುಂದಿನ ಬಗೆಯನ್ನು ತಂದು ಬಡಿಸೆಂದು ಅಡಿಗೆಮನೆಯ ಆಳಿಗೆ ಸೂಚಿಸುವುದಕ್ಕಾಗಿ ಆಕೆ ಮೆಲ್ಲನೆ ಅಲುಗಿಸುತ್ತಿದ್ದ, ಗೇಣಿಗಿಂತಲೂ ಗಿಡ್ಡದಾದ ಬೆಳ್ಳಿಯ ಗಂಟೆಯು ಈಗ ಸಂಗ್ರಾಹಕರ ಗಾಜಿನ ಕಪಾಟುಗಳಲ್ಲಿ ಮೌನವ್ರತವನ್ನು ಹಿಡಿದು ಕುಳಿತಿದೆ. ಇಂಥ ಗಂಟೆಗಳನ್ನು ಹುಡುಕಿ ಕೊಳ್ಳುವ ಹವ್ಯಾಸದ ಸ್ನೇಹಿತರೊಬ್ಬರ ಬೆನ್ನುಹತ್ತಿ ನಾನು ಕುಂದಗೋಳ, ನವಲಗುಂದಗಳ ಎರೆಸೀಮೆಯಲ್ಲಿ ಕೆಲವು ವಾಡೆಗಳ ಹೊಸ್ತಿಲನ್ನು ದಾಟಿದುದುಂಟು. ಆ ಅಲೆದಾಟದಿಂದ ನನಗೆ ದೊರೆತುದು ಗಂಟೆಯಲ್ಲ. ಈ ಹವ್ಯಾಸದ ಕುರಿತು ಒಂದು ತಕರಾರು.

ಮೊದಲು ಅದರ ಗುಣವನ್ನು ಹೇಳುವುದು ನ್ಯಾಯ. ಇದು ಬರಿಯ ಮೋಹವಲ್ಲ, ಇದಕ್ಕೊಂದು ಶಾಸ್ತ್ರವಿದೆ. ಸ್ಟರ್ಲಿಂಗ್ ಎಂದರೆ 1000ಕ್ಕೆ 925 ಪಾಲು ಚೊಕ್ಕ ಬೆಳ್ಳಿ. ನಮ್ಮ ಅಜ್ಜಂದಿರು ಗಡಿಗೆಯಲ್ಲಿ ಹೂಳಿಡುತ್ತಿದ್ದ ರಾಣಿ ಛಾಪಿನ ರೂಪಾಯಿಯಲ್ಲಿದ್ದುದು 12ರಲ್ಲಿ 11 ಪಾಲು. ಇವೆರಡರ ಅಂತರವು ಅಷ್ಟು ಸೂಕ್ಷ್ಮವಾದುದರಿಂದ ಒರೆಗಲ್ಲೊಂದನ್ನೇ ನಂಬಿದ ಪತ್ತಾರನು ತಬ್ಬಿಬ್ಬಾಗುವಲ್ಲಿ, ಬಲ್ಲವನು ಭೂತಗನ್ನಡಿಯನ್ನು ಹಿಡಿದು ಗಂಟೆಯ ಅಂಚಿನ ಮುದ್ರೆಗಳನ್ನು ಅಕ್ಷರಾಭ್ಯಾಸದ ಶ್ರದ್ಧೆಯಿಂದ ಓದುತ್ತಾನೆ: ನಡೆಯುತ್ತಿರುವ ಸಿಂಹವು ಸ್ಟರ್ಲಿಂಗ್‌ನ ಸಾಕ್ಷಿ; ಚಿರತೆಯ ಮುಖವಿದ್ದರೆ ಲಂಡನ್ನು, ಲಂಗರವಿದ್ದರೆ ಬರ್ಮಿಂಗ್‌ಹ್ಯಾಮ್, ಹಳೆಯದರಲ್ಲಿ ಕಿರೀಟವಿದ್ದರೆ ಶೆಫೀಲ್ಡ್; ಒಂದು ಬಿಡಿ ಅಕ್ಷರವು ವರ್ಷವನ್ನು ಹೇಳುತ್ತದೆ; ಅರಸನ ಇಲ್ಲವೆ ರಾಣಿಯ ತಲೆಯಿದ್ದರೆ ಅದು ಸಾಮಾನ್ಯವಾಗಿ ಬೆಳ್ಳಿಯ ಮೇಲೆ ತೆರಿಗೆಯಿದ್ದ 1784ರಿಂದ 1890ರ ವರೆಗಿನದು. ಮುದ್ರೆಯಿಲ್ಲದೆ ಹೊಳೆಯುವುದೆಲ್ಲವೂ ಸಂದೇಹಾಸ್ಪದ. 1840ರಲ್ಲಿ ಎಲ್ಕಿಂಗ್ಟನ್ನರು ವಿದ್ಯುತ್ತಿನಿಂದ ಬೆಳ್ಳಿಯ ಲೇಪವನ್ನು ಕೂಡಿಸುವ ಹಕ್ಕನ್ನು ಪಡೆದ ಮೇಲೆ, ಹೆಸರಿನಲ್ಲಲ್ಲದೆ ಮೈಯಲ್ಲಿ ಎಳ್ಳಷ್ಟೂ ಬೆಳ್ಳಿಯಿಲ್ಲದ ಜರ್ಮನ್ ಸಿಲ್ವರ್ ಸಹ ಬೆಳ್ಳಿಯ ಅಂಗಿಯನ್ನು ತೊಟ್ಟು ಮೆರೆಯತೊಡಗಿತು. ಇನ್ನು ಕೆಲವು ಗಂಟೆಗಳ ಹಿಡಿಯು ಒಳಗೆ ಪೊಳ್ಳಾಗಿದ್ದು ರಾಳವನ್ನು ತುಂಬಿಕೊಂಡಿರುವುದರಿಂದ, ತೂಕದ ಲೆಕ್ಕದಲ್ಲಿ ಕೊಂಡವನು ರಾಳಕ್ಕೂ ಬೆಳ್ಳಿಯ ಬೆಲೆಯನ್ನು ತೆತ್ತು ಬರುತ್ತಾನೆ.

ಇಷ್ಟೆಲ್ಲ ಜಾಣ್ಮೆಯನ್ನುಳ್ಳ ಜನ ಕೊಳ್ಳುವ ಮುನ್ನ ಗಂಟೆಯನ್ನು ಒಮ್ಮೆಯಾದರೂ ಬಾರಿಸಿ ಕಿವಿಗೊಟ್ಟು ಕೇಳುವುದಿಲ್ಲವೆಂಬುದೇ ನನ್ನ ತಕರಾರು. ಗಂಟೆಯ ಧರ್ಮವು ನಾದ. ಕಂಚು 100ಕ್ಕೆ 78ರಷ್ಟು ತಾಮ್ರ, ಉಳಿದುದು ತವರ ಕೂಡಿ ಆದ ಲೋಹವಾಗಿ, ಪೆಟ್ಟನ್ನು ತಿಂದ ಮೇಲೆ ಬಹಳ ಹೊತ್ತು ಅದನ್ನು ಮರೆಯದು. ಬೆಳ್ಳಿಯಾದರೋ ಮೆದು ಸ್ವಭಾವದ್ದು, ಚಿಕ್ಕ ದನಿಯೊಂದನ್ನು ಕೊಟ್ಟು ಸುಮ್ಮನಾಗುವುದು. ಬೆಳ್ಳಿಯನ್ನು ಬೆರೆಸಿದರೆ ಗಂಟೆಯ ದನಿ ಇನಿದಾಗುವುದೆಂಬ ನಂಬಿಕೆ ಪಶ್ಚಿಮದ ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದುದಾದರೂ ಅದು ನಂಬಿಕೆಯೇ ಹೊರತು ಲೋಹದ ಗುಣವಲ್ಲ. ಈ ಮಾತನ್ನು ಬೇರೆ ಊರಲ್ಲಿ ಹೇಳಿದ್ದರೆ ಪಾಂಡಿತ್ಯಪ್ರದರ್ಶನವೆನಿಸುತ್ತಿತ್ತೇನೋ. ಆದರೆ ಸವಾಯಿ ಗಂಧರ್ವರ ಊರಾದ ಕುಂದಗೋಳದಲ್ಲಿ, ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಿಂದ ಸಂಗೀತದ ಪಾಠ ಹೇಳಿಸಿಕೊಂಡು ಹೋದ ಊರಿನಲ್ಲಿ, ಕಿವಿಯನ್ನು ಮನೆಯಲ್ಲಿಟ್ಟು ಗಂಟೆಯ ವ್ಯಾಪಾರಕ್ಕೆ ಬರುವುದು ಸೋಜಿಗದ ಸಂಗತಿಯಲ್ಲವೆ?

1948ರ ವರೆಗೆ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದ ಸೀಮೆಯ ಒಂದು ಹಳ್ಳಿಯಲ್ಲಿ, ಗೋಡೆಗಡಿಯಾರ, ಪಿಂಗಾಣಿ ಬಸಿ ಮೊದಲಾದ ವಿಲಾಯತಿ ಸಾಮಾನು ಇನ್ನೂ ಅಷ್ಟಿಷ್ಟು ಉಳಿದುಕೊಂಡಿದ್ದ ವಾಡೆಯೊಂದರಲ್ಲಿ ನಾವು ಅಂಥ ಒಂದು ಗಂಟೆಯನ್ನು ಕಂಡೆವು. ಸಿಂಹವಿತ್ತು, ಲಂಗರವಿತ್ತು, ವರ್ಷದ ಅಕ್ಷರ ಸವೆದುಹೋಗಿತ್ತು, ರಾಣಿಯ ತಲೆಯಿಲ್ಲದುದರಿಂದ 1890ರ ಈಚಿನದೆಂದು ಸ್ನೇಹಿತರು ನಿರ್ಣಯಿಸಿದರು. ಮೂಲದ ನಾಲಗೆ ಉದುರಿ, ಅದರ ಸ್ಥಾನದಲ್ಲಿ ಯಾರೋ ಪತ್ತಾರನು ಎತ್ತಿನ ಗೆಜ್ಜೆಸರದ ಪುಟ್ಟ ಕಬ್ಬಿಣದ ಗುಂಡನ್ನು ತಂತಿಯಿಂದ ತೂಗುಹಾಕಿದ್ದನು. ಅಂಚಿನ ಒಂದು ಮಗ್ಗುಲಲ್ಲಿ, ಸಿಂಹದ ಬಾಲಕ್ಕೆ ತಾಗಿಕೊಂಡೇ, ಅಕ್ಕಿಯ ಕಾಳಿನಷ್ಟು ಕಿರಿದಾದ ಏಳೆಂಟು ತಗ್ಗುಗಳು. ಸ್ನೇಹಿತರು ಅವನ್ನು ಕುಂದೆಂದು ಎಣಿಸಿ ಬೆಲೆಯನ್ನಿಳಿಸಲು ಪೀಠಿಕೆ ಹಾಕುತ್ತಿರುವಾಗ ಮನೆಯ ಹಿರಿಯಾಕೆ ನಕ್ಕಳು.

“ಊಟಕ್ಕ ಕರ್ಯಾಕ ಗಂಟಿ ಯಾಕ ಬೇಕೋ ತಮ್ಮಾ, ಒಂದು ಸಲ ಒದರಿದರ ನಾಕು ಮನಿಗೆ ಕೇಳಸ್ತೈತಿ. ಇದು ನಮ್ಮ ತೊಟ್ಟಲದ ಗಂಟಿ. ಈ ಮನಿ ಕೂಸುಗೋಳೆಲ್ಲಾ ಇದನ್ನ ಕಡದು ಕಡದು ಹಲ್ಲು ಬರಿಸಿಕೊಂಡಾವ.”

ಬಣ್ಣದ ಚಿತ್ರಗಳಿಂದ ತುಂಬಿದ ಕಲಘಟಗಿಯ ತೊಟ್ಟಿಲೊಂದು ಅಟ್ಟದ ಮೇಲೆ ಧೂಳು ಹಿಡಿದು ನೇತಾಡುತ್ತಿದ್ದುದನ್ನು ನಾವು ಆಗ ನೋಡಿದೆವು. ಆಂಗ್ಲರೂ ತಮ್ಮ ಕೂಸುಗಳಿಗೆ ಹವಳವನ್ನು ಕೂಡಿಸಿದ ಬೆಳ್ಳಿಯ ಗಿಲಕಿಯನ್ನು ಕಡಿಯಲು ಕೊಡುತ್ತಿದ್ದರೆಂಬುದನ್ನು ನೆನೆದರೆ, ಮೇಜಿನ ಗಂಟೆಯನ್ನು ಗಿಲಕಿಯಾಗಿಸಿದ ಈ ಮನೆಯ ಹೆಂಗಸರು ಆ ವಸ್ತುವನ್ನು ಅದರ ಒಡೆಯರಿಗಿಂತ ಕಡಿಮೆಯಾಗಿ ಅರಿತವರೇನೂ ಅಲ್ಲ. ಬರ್ಮಿಂಗ್‌ಹ್ಯಾಮಿನ ಪರೀಕ್ಷಕನು ಒಂದು ದಿನ ಒತ್ತಿದ ಮುದ್ರೆಯು ಪ್ರಮಾಣವಾಗುವುದಾದರೆ, ಮೂರು ತಲೆಮಾರಿನ ಹಾಲುಹಲ್ಲುಗಳು ಒತ್ತಿದುದು ಕುಂದಾಗುವುದೆಂತು?

ದೇವರ ಜಗಲಿಯ ಮೇಲೆ, ಹಿಡಿಯ ತುದಿಗೆ ಬಸವಣ್ಣನು ಕುಳಿತಿದ್ದ ಕಂಚಿನ ಗಂಟೆಯೊಂದಿತ್ತು. ಹೆಬ್ಬೆರಳು ತಾಗಿ ತಾಗಿ ಬಸವಣ್ಣನ ಕೊಂಬು ಸವೆದು ಬೆನ್ನು ನುಣುಪಾಗಿತ್ತು. ನಾನು ಕೇಳಿಕೊಂಡ ಮೇಲೆ ಆಕೆ ಎರಡನ್ನೂ ಬಾರಿಸಿ ತೋರಿಸಿದಳು. ಬೆಳ್ಳಿಯದು ಟಿಣ್ಣೆಂದು ಮುಗಿಯಿತು. ಕಂಚಿನದು ಪಡಸಾಲೆಯನ್ನು ದಾಟಿ ಅಂಗಳಕ್ಕೆ ಹೋಗಿ, ದಂದಕ್ಕಿಯಲ್ಲಿ ಮಲಗಿದ್ದ ಎತ್ತು ಕಿವಿ ನಿಮಿರಿಸುವವರೆಗೂ ಉಳಿದುಕೊಂಡಿತು. ಅದಕ್ಕೆ ಸಿಂಹವಿಲ್ಲ, ವರ್ಷವಿಲ್ಲ, ಕೊಳ್ಳುವವರೂ ಇಲ್ಲ. ಆಕೆ ಕೊಡುವವಳೂ ಅಲ್ಲ.

ಆದರೂ ಸಂಗ್ರಾಹಕನನ್ನು ಪೂರ್ತಿಯಾಗಿ ಹಳಿಯಲಾರೆನು. ಆತನು ಬಾರದಿದ್ದರೆ ಬೆಳ್ಳಿಯ ದರವೇರಿದ ಯಾವುದೋ ವರ್ಷ ಈ ಗಂಟೆಯು ಹುಬ್ಬಳ್ಳಿಯ ಯಾವುದಾದರೊಂದು ಮೂಸೆಯಲ್ಲಿ ಕರಗಿ ಕಾಲುಂಗುರವಾಗುತ್ತಿತ್ತು. ನೂರು ವರ್ಷವನ್ನು ಕಳೆದ ಇಂಥ ಕುಸುರಿವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸದಂತೆ 1972ರ ಕಾನೂನು ತಡೆಯುತ್ತದೆ, ನಿಜ. ಪತ್ತಾರನ ಒಲೆಗೆ ಸಾಗಿಸುವುದನ್ನು ಮನೆಯವರ ಮನಸ್ಸಲ್ಲದೆ ಬೇರೇನೂ ತಡೆಯಲಾರದು. ಆಕೆ ಕೊನೆಗೆ ಗಂಟೆಯನ್ನು ಕೊಟ್ಟುಬಿಟ್ಟಳು. “ಈಗ ಕೂಸುಗೋಳು ಪುಣೆದಾಗ ಹುಟ್ಟತಾವ,” ಎಂದಷ್ಟೇ ಅಂದಳು.

ಮರುವಾರ ಸ್ನೇಹಿತರು ಅದನ್ನು ತಮ್ಮೂರ ಪತ್ತಾರನ ಮುಂದಿಟ್ಟು, ತಗ್ಗುಗಳನ್ನು ಬಡಿದು ಸಮಮಾಡಿ ಮೆರುಗು ಕೊಡಬೇಕೆಂದು ಹೇಳಿದರು. ಆತನು ಗಂಟೆಯನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಸವರಿ, “ಬಡದರ ಹಲ್ಲು ಹೊಕ್ಕಾವ್ರಿ, ಸಿಂಹಾನೂ ಹೊಕ್ಕೈತಿ,” ಎಂದನು. ಸ್ನೇಹಿತರು ಬಹಳ ಹೊತ್ತು ಕುಳಿತಿದ್ದು, ಬಳಿಕ ಗಂಟೆಯನ್ನು ಅರಿವೆಯಲ್ಲಿ ಸುತ್ತಿ ಚೀಲದೊಳಗಿಟ್ಟುಕೊಂಡರು. ಎತ್ತಿನ ಗೆಜ್ಜೆಯ ಗುಂಡು ಒಳಗೆ ಒಮ್ಮೆ ಟಿಣ್ಣೆಂದಿತು.