ಪಠ್ಯದೊಳಗೆ ಬಾರದ ಕುಸನೂರು

ಪರಿಸರ ಅಧ್ಯಯನವನ್ನು ಎಲ್ಲ ವಿದ್ಯಾರ್ಥಿಗಳೂ ಕಡ್ಡಾಯವಾಗಿ ಓದಬೇಕೆಂಬ ಏರ್ಪಾಡಿಗೆ ಮೂಲವಾದದ್ದು ಎಂ. ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ತೀರ್ಪು. ಅದನ್ನನುಸರಿಸಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪದವಿ ತರಗತಿಗಳಿಗೆ ಸಿದ್ಧಪಡಿಸಿದ ಆರು ತಿಂಗಳ ಪಠ್ಯಕ್ರಮವು ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾಲೇಜುಗಳನ್ನು ಪ್ರವೇಶಿಸಿತು. ಅದರ ಉದ್ದೇಶ ಘನವಾದುದು. ಆದರೆ ಪಠ್ಯವನ್ನು ಉದ್ದೇಶವೊಂದರಿಂದಲೇ ಅಳೆಯಲಾಗದು. ಓದುವ ಹುಡುಗ ಹುಡುಗಿಯರ ಮನಸ್ಸಿನಲ್ಲಿ ಆಗಲೇ ಇರುವ ಕಳವಳವನ್ನು ಅದು ಎಲ್ಲಿಗೆ ಕೊಂಡೊಯ್ಯುತ್ತದೆಂಬುದನ್ನೂ ನೋಡಬೇಕು.

ಐವತ್ತು ಉಪನ್ಯಾಸಗಳ ಆ ಪಠ್ಯಕ್ರಮದಲ್ಲಿ ಭೋಗಲಾಲಸೆಗೆ ದೊರೆತಿರುವುದು ಒಂದೇ ಸಾಲು, ‘ಗ್ರಾಹಕ ಸಂಸ್ಕೃತಿ ಮತ್ತು ತ್ಯಾಜ್ಯವಸ್ತುಗಳು’ ಎಂದು. ‘ವ್ಯಕ್ತಿಯ ಪಾತ್ರ’ವೆಂಬ ಮಾತಾದರೋ ಸಂಪನ್ಮೂಲಗಳ ಅಧ್ಯಾಯದಲ್ಲಿ ಒಮ್ಮೆ, ಮಾಲಿನ್ಯದ ಅಧ್ಯಾಯದಲ್ಲಿ ಇನ್ನೊಮ್ಮೆ ಬರುತ್ತದೆ. ಇದರ ಪರಿಣಾಮವನ್ನು ಉತ್ತರಪತ್ರಿಕೆಗಳಲ್ಲಿ ಕಾಣಬಹುದು. ನಲ್ಲಿಯನ್ನು ನಿಲ್ಲಿಸಬೇಕು, ದೀಪವನ್ನು ಆರಿಸಬೇಕು, ಬಟ್ಟೆಯ ಚೀಲವನ್ನು ಒಯ್ಯಬೇಕು. ಇವು ತಪ್ಪಲ್ಲ. ಆದರೆ ಕಳವಳವು ಮನೆಯ ಹೊಸ್ತಿಲೊಳಗೇ ಮುಗಿದುಹೋಗುತ್ತದೆ. ಕೊಂಡ ವಸ್ತುವು ಯಾರ ನೆಲದಿಂದ ಬಂತೆಂಬ ಪ್ರಶ್ನೆ ಏಳುವುದೇ ಇಲ್ಲ. ಮುಂದೆ ಪರಿಷ್ಕೃತಗೊಂಡ ಪಠ್ಯಕ್ರಮವು ಜನಚಳವಳಿಗಳಿಗೆ ಉದಾಹರಣೆಯಾಗಿ ಚಿಪ್ಕೋ, ಸೈಲೆಂಟ್ ವ್ಯಾಲಿ ಹಾಗೂ ರಾಜಸ್ಥಾನದ ಬಿಷ್ಣೋಯಿಗಳನ್ನು ಹೆಸರಿಸಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ವಿದ್ಯಾರ್ಥಿಗೆ ಇವೆಲ್ಲವೂ ದೂರದ ಊರಿನ ಪುಣ್ಯಕಥೆಗಳು.

ಅವನ ನೆರೆಯಲ್ಲಿ ನಡೆದುದು ಬೇರೆ. 1984ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿತು. ರೇಯಾನಿನ ತಿರುಳಿಗೆ ಬೇಕಾದ ನೀಲಗಿರಿಯನ್ನು ಬೆಳೆಸಲು ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾಮೂಹಿಕ ಭೂಮಿಯನ್ನು ಗೊತ್ತುಮಾಡಲಾಯಿತು. ಗುತ್ತಿಗೆಯ ಅವಧಿ 40 ವರ್ಷ, ಬಾಡಿಗೆ ಎಕರೆಗೆ ವರ್ಷಕ್ಕೆ 1 ರೂಪಾಯಿ. ಕಾಗದದಲ್ಲಿ ಸರ್ಕಾರದ್ದಾದರೂ ಅದು ದನಕರುಗಳ ಹುಲ್ಲಿನ, ಒಲೆಯ ಸೌದೆಯ ನೆಲವಾಗಿತ್ತು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ, ಹಿರಿಯರಾದ ಶಿವರಾಮ ಕಾರಂತ ಮೊದಲಾದವರು ಇದನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಗಂಡಸರು, ಹೆಂಗಸರು, ಮಕ್ಕಳು ಕೂಡಿ ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತು, ಆ ಸ್ಥಳದಲ್ಲಿ ಹಣ್ಣು ಹಾಗೂ ಮೇವು ಕೊಡುವ ಸಸಿಗಳನ್ನು ಹಚ್ಚಿದರು. ಅವುಗಳಿಗೆ ನೀರೆರೆಯುವ ಸಂಕಲ್ಪವನ್ನೂ ಮಾಡಿದರು. 1991ರಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ರೇಯಾನು ತೊಡುವ ಬಟ್ಟೆಯೆಂಬುದನ್ನು ಮರೆಯಬಾರದು. ಕಪಾಟಿನೊಳಗಿನ ಬಟ್ಟೆಗೂ ಕುಸನೂರಿನ ಗೋಮಾಳಕ್ಕೂ ನಂಟಿದೆಯೆಂಬುದನ್ನು ತಿಳಿಸಬಲ್ಲ ಇಂತಹ ನಿದರ್ಶನ ಇನ್ನೊಂದು ದೊರೆಯುವುದು ಕಷ್ಟ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಒಮ್ಮೆ ಅನುಭವಿಸಿ ಬಿಡುವುದನ್ನು ಭೋಗವೆಂದೂ, ಮತ್ತೆ ಮತ್ತೆ ಅನುಭವಿಸುವುದನ್ನು ಉಪಭೋಗವೆಂದೂ ವಿಂಗಡಿಸಿ, ಮೊದಲನೆಯದಕ್ಕೆ ಆಹಾರವನ್ನೂ ಎರಡನೆಯದಕ್ಕೆ ವಸ್ತ್ರವನ್ನೂ ಉದಾಹರಿಸಿದ್ದಾರೆ. ಮೂರು ನಾಲ್ಕು ಸಲ ತೊಟ್ಟು ಎಸೆಯುವ ಅಗ್ಗದ ಉಡುಪಿನ ಈ ಕಾಲದಲ್ಲಿ ವಸ್ತ್ರವು ಉಪಭೋಗದ ಪಂಕ್ತಿಯಿಂದ ಭೋಗದ ಪಂಕ್ತಿಗೆ ಇಳಿದಿದೆ. ಭೋಗೋಪಭೋಗ ಪರಿಮಾಣವೆಂಬ ವ್ರತವು ಕೇಳುವುದು ಎಷ್ಟು ಸಾಕೆಂಬ ಅಳತೆಯನ್ನು. ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶ್ರಾವಕನು ಬಿಡಬೇಕಾದ 15 ಕರ್ಮಾದಾನಗಳಲ್ಲಿ ವನಕರ್ಮವನ್ನೂ, ಅಂದರೆ ಕಾಡನ್ನು ಕಡಿದು ಬದುಕುವ ವೃತ್ತಿಯನ್ನೂ, ಎಣಿಸಿದೆ. ಕೊಳ್ಳುವವನ ಮಿತಿಯಷ್ಟೇ ಅಲ್ಲದೆ ಗಳಿಸುವವನ ದಾರಿಯೂ ಅಲ್ಲಿ ವಿಚಾರಣೆಗೆ ಬಂದಿದೆ.

ಪಠ್ಯಕ್ರಮದಲ್ಲಿ ಧರ್ಮಗಳಿಗೂ ಒಂದು ಸ್ಥಾನವುಂಟು. ಪರಿಸರ ರಕ್ಷಣೆಯಲ್ಲಿ ಧರ್ಮ ಮತ್ತು ಸಂಸ್ಕೃತಿಗಳ ಪಾತ್ರವೆಂಬ ಶೀರ್ಷಿಕೆಯಡಿ ‘ಜೈನಧರ್ಮವು ಅಹಿಂಸೆ, ಅಪರಿಗ್ರಹಗಳನ್ನು ಬೋಧಿಸುತ್ತದೆ’ ಎಂದು ಬರೆದರೆ ಅಂಕಗಳು ದೊರೆಯುತ್ತವೆ. ಇಂತಹ ಹೊಗಳಿಕೆಯಿಂದ ಸಮಾಜಕ್ಕೆ ಹಾನಿಯೇ ಹೆಚ್ಚು. ಪಂಚಕಲ್ಯಾಣ ಮಹೋತ್ಸವಗಳಿಗೆ ಫ್ಲೆಕ್ಸ್ ಫಲಕಗಳನ್ನು ಕಟ್ಟಿಸಿ, ಒಮ್ಮೆ ಉಂಡು ಎಸೆಯುವ ತಟ್ಟೆಗಳನ್ನು ರಾಶಿ ಹಾಕುವ ಬಸದಿಯ ಟ್ರಸ್ಟಿಗೆ ಆ ಸಾಲು ಯಾವ ಇರುಸುಮುರುಸನ್ನೂ ಉಂಟುಮಾಡುವುದಿಲ್ಲ. ಅದನ್ನು ಬರೆದ ಮನೆಯ ಮಗಳೇ ಕೇಳಿದರೆ ಮಾತ್ರ ಉತ್ತರ ಹೇಳಬೇಕಾಗುತ್ತದೆ.

ದೇಶಕ್ಕೆಲ್ಲ ಒಂದೇ ಆದ ಪಠ್ಯಕ್ರಮದಲ್ಲಿ ಕುಸನೂರಿನ ಹೆಸರು ಇರಬೇಕೆಂದು ಹಠ ಹಿಡಿಯುವುದು ನ್ಯಾಯವಲ್ಲ, ನಿಜ. ಆ ಕೊರತೆಯನ್ನು ತುಂಬಲೆಂದೇ ಅದರಲ್ಲಿ ಐದು ಉಪನ್ಯಾಸಗಳಷ್ಟು ಕ್ಷೇತ್ರಕಾರ್ಯವನ್ನು, 25 ಅಂಕಗಳನ್ನು ಮೀಸಲಿಡಲಾಗಿತ್ತು. ದೋಷವಿರುವುದು ಅದನ್ನು ಬಳಸಿಕೊಂಡ ರೀತಿಯಲ್ಲಿ. ಹಾನಗಲ್ಲಿನ ಆನಿಕೆರೆ, ಸವಣೂರಿನ ದೊಡ್ಡಹುಣಸೆ ಮರಗಳು, ಹಿರೇಕೆರೂರು ಸೀಮೆಯ ಮದಗದ ಕೆರೆ ಇವುಗಳನ್ನು ನೋಡಿ ಚಿತ್ರ ಅಂಟಿಸಿದರೆ ವರದಿ ಸಿದ್ಧವಾಗುತ್ತದೆ. 1987ರಲ್ಲಿ ಹಿರಿಯರೊಡನೆ ಕುಸನೂರಿನ ಆ ನೆಲಕ್ಕೆ ಬಂದಿದ್ದ ಮಕ್ಕಳು ಈಗ ನಡುವಯಸ್ಸಿನವರು. ಅವರ ಬಳಿ ಕುಳಿತು, ಅಂದು ಹಚ್ಚಿದ ಸಸಿಗಳು ಏನಾದವು, ಆ ನೆಲದ ಹುಲ್ಲನ್ನು ಇಂದು ಯಾರ ದನ ಮೇಯುತ್ತಿವೆ ಎಂದು ಕೇಳಿ ಬರೆದುಕೊಳ್ಳಲು ಐದು ತಾಸು ಸಾಕು.