ಮಿಲಾನ್ ಅರಮನೆ: ಕೆಡವಿ ರೂಪಿಸಿದ ವಾಸ್ತು

ಇಟಲಿಯ ಮಿಲಾನ್ ನಗರದ ಪಲಾತ್ಸೊ ರೆಆಲೆ, ಎಂದರೆ ರಾಜರ ಅರಮನೆ, ಅಲ್ಲಿನ ಪ್ರಧಾನ ಇಗರ್ಜಿಯಾದ ಡುವೊಮೊದ ಮಗ್ಗುಲಲ್ಲೇ ಇದೆ. ಪ್ರತಿಮೆಗಳಿಂದಲೂ ಮೊನಚು ಶಿಖರಗಳಿಂದಲೂ ಕಿಕ್ಕಿರಿದ ಆ ಇಗರ್ಜಿಯ ಪಕ್ಕದಲ್ಲಿ ಅರಮನೆಯ ಮುಖಭಾಗ ಸಪ್ಪೆಯಾಗಿ ಕಾಣುತ್ತದೆ. ಹಣದ ಬಿಗಿಯಲ್ಲಿ ಅರೆಬರೆಯಾಗಿ ಮುಗಿಸಿದ ಕಟ್ಟಡವಿದು ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನ ಅರ್ಧ ಮಾತ್ರ ನಿಜ.

ಹಣದ ಬಿಗಿ ಇದ್ದದ್ದು ಹೌದು. ವಿಸ್ಕೊಂತಿ ಮತ್ತು ಸ್ಫೋರ್ಜಾ ಮನೆತನಗಳು, ಅನಂತರ ಸ್ಪೇನಿನ ರಾಜ್ಯಪಾಲರು ಬಳಸಿದ ಈ ಹಳೆಯ ನೆಲೆ 18ನೆಯ ಶತಮಾನದಲ್ಲಿ ಆಸ್ಟ್ರಿಯದ ಹ್ಯಾಬ್ಸ್‌ಬರ್ಗ್ ಅರಸರ ಕೈಸೇರಿತು. 1771ರಲ್ಲಿ ವಿವಾಹವಾಗಿ ಮಿಲಾನಿನಲ್ಲಿ ನೆಲೆಸಿದ ಆರ್ಚ್‌ಡ್ಯೂಕ್ ಫರ್ಡಿನಾಂಡ್ ಹೊಸ ಅರಮನೆಯನ್ನು ಬಯಸಿದ್ದನು; ತಾಯಿ ಮರಿಯಾ ಥೆರೇಸಾ ಇದ್ದ ಕಟ್ಟಡದ ನವೀಕರಣಕ್ಕಷ್ಟೇ ಒಪ್ಪಿದಳು. ಕೆಲಸ ವಾನ್ವಿತೆಲ್ಲಿಯ ಶಿಷ್ಯ ಜ್ಯುಸೆಪ್ಪೆ ಪಿಯರ್ಮಾರಿನಿಗೆ ಬಂದಿತು.

ಪಿಯರ್ಮಾರಿನಿಯ ಮುಖ್ಯ ನಿರ್ಧಾರ ಕಟ್ಟುವುದಲ್ಲ, ಕೆಡಹುವುದು. ಇಗರ್ಜಿಯ ಕಡೆಗೆ ಅಂಗಳವನ್ನು ಮುಚ್ಚಿದ್ದ ಭಾಗವನ್ನು ಅವನು ತೆಗೆಸಿದನು. ಅರಸರ ಒಳಾಂಗಣವಾಗಿದ್ದುದು ಮೂರು ಕಡೆ ಕಟ್ಟಡವುಳ್ಳ, ನಗರಕ್ಕೆ ತೆರೆದ ಚೌಕವಾಯಿತು. ಅರೆಗಂಬಗಳ ಸಾಲು, ಸಮ ಅಂತರದ ಕಿಟಕಿಗಳು, ಆರ್ಭಟವಿಲ್ಲದ ಗೋಡೆ: ನವ ಅಭಿಜಾತ ಶೈಲಿಯ ಈ ಸಂಯಮ ಗಾಥಿಕ್ ಇಗರ್ಜಿಯೊಡನೆ ಪೈಪೋಟಿಗಿಳಿಯುವುದಿಲ್ಲ. ಇದನ್ನು ಬಡತನವೆನ್ನಲು ಬಾರದು. ಒಳಕೋಣೆಗಳಲ್ಲಿ ಜೊಕೊಂಡೊ ಅಲ್ಬೆರ್ತೊಲ್ಲಿಯ ಗಾರೆಯ ಅಲಂಕಾರ ಸಾಕಷ್ಟು ಧಾರಾಳವಾಗಿಯೇ ಇದೆ. ಎಲ್ಲ ಕೆಡವಿಕೆಯೂ ಇಂಥದಲ್ಲ ಎಂಬುದನ್ನೂ ಹೇಳಬೇಕು. 1930ರ ದಶಕದಲ್ಲಿ ಅರೆಂಗಾರಿಯೊ ಕಟ್ಟಡಕ್ಕಾಗಿ ಅರಮನೆಯ ಉದ್ದನೆಯ ಪಾರ್ಶ್ವವೊಂದನ್ನು ಕತ್ತರಿಸಿದ್ದಕ್ಕೆ ಅರಮನೆಯ ವಾಸ್ತುವಿನಲ್ಲಿ ಯಾವ ಕಾರಣವೂ ಇರಲಿಲ್ಲ.

ಕ್ಯಾರಿಯಾಟಿಡ್ ಸಭಾಂಗಣದ ಚರಿತ್ರೆ ಬೆಂಕಿಯಿಂದಲೇ ಆರಂಭವಾಗುತ್ತದೆ. 1776ರಲ್ಲಿ ಆಸ್ಥಾನದ ರಂಗಮಂದಿರ ಸುಟ್ಟುಹೋಯಿತು. ನಗರದ ಬೇರೊಂದೆಡೆ ಪಿಯರ್ಮಾರಿನಿಯೇ ಕಟ್ಟಿದ ಲಾ ಸ್ಕಾಲಾ ರಂಗಮಂದಿರ 1778ರಲ್ಲಿ ತೆರೆಯಿತು. ಸುಟ್ಟ ಜಾಗದಲ್ಲಿ ಈ ಸಭಾಂಗಣ ಎದ್ದಿತು. ಕಂಬದಂತೆ ನಿಂತು ಮೇಲಿನ ಭಾರ ಹೊರುವ ಮಾನವರೂಪದ ಶಿಲ್ಪಗಳಿಗೆ ಕ್ಯಾರಿಯಾಟಿಡ್ ಎಂದು ಹೆಸರು. ಗಯೆತಾನೊ ಕಲ್ಲಾನಿ ಇಲ್ಲಿಗೆ ಅಂಥ 40 ಶಿಲ್ಪಗಳನ್ನು ರೂಪಿಸಿದನು. 1943ರ ಆಗಸ್ಟ್‌ನ ಬಾಂಬ್ ದಾಳಿಯಲ್ಲಿ ಛಾವಣಿಯ ಮರದ ತೊಲೆಗಳು ಉರಿದು ಕುಸಿದವು. ಹಾಯೆಜ್‌ನ ಮೇಲ್ಚಾವಣಿ ಚಿತ್ರ ನಾಶವಾಯಿತು. ಶಿಲ್ಪಗಳು ಕಾವಿಗೆ ಬಿರಿದು ಮುಖ, ತೋಳುಗಳನ್ನು ಕಳೆದುಕೊಂಡವು. ಯುದ್ಧಾನಂತರ ಛಾವಣಿಯನ್ನೂ ನೆಲವನ್ನೂ ಹೊಸದಾಗಿ ಮಾಡಲಾಯಿತು, ಶಿಲ್ಪಗಳನ್ನು ಮಾತ್ರ ಮುಟ್ಟಿ ಪೂರ್ಣಗೊಳಿಸಲಿಲ್ಲ. 1953ರಲ್ಲಿ ಪಿಕಾಸೊನ ‘ಗೆರ್ನಿಕಾ’ ಪ್ರದರ್ಶನಗೊಂಡದ್ದು ಈ ಗಾಯಗೊಂಡ ಗೋಡೆಗಳ ನಡುವೆ. ಆ ಚಿತ್ರವೂ ಬಾಂಬ್ ದಾಳಿಗೆ ತುತ್ತಾದ ಊರೊಂದನ್ನು ಕುರಿತದ್ದು.

ನಯವಾದ ಪೂರ್ಣತೆಯೇ ನವ ಅಭಿಜಾತ ಶೈಲಿಯ ಪ್ರಾಣ, ಆದ್ದರಿಂದ ಇಂದಿನ ಸಭಾಂಗಣ ಪಿಯರ್ಮಾರಿನಿಯದಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅವನ ಶಿಸ್ತು ಇದ್ದುದು ಅಳತೆಯಲ್ಲಿ, ಅಂತರದಲ್ಲಿ, ಸಾಲಿನಲ್ಲಿ. ಮುಖವಿಲ್ಲದ ಆ ಶಿಲ್ಪಗಳು ಇಂದಿಗೂ ಅವನು ಗುರುತಿಸಿದ ಅಂತರದಲ್ಲೇ ನಿಂತಿವೆ.