ಅಣು ಬಿಟ್ಟುಹೋದ ಶಕ್ತಿಯ ಲೆಕ್ಕ

ಘನವಸ್ತುವಿನ ಮೇಲ್ಮೈಗೆ ಬಡಿದ ಅಣು ತನ್ನ ಶಕ್ತಿಯಲ್ಲಿ ಒಂದಿಷ್ಟನ್ನು ಅಲ್ಲೇ ಬಿಟ್ಟು ಮರಳುತ್ತದೆ. ಹೆಚ್ಚು ಕಳೆದುಕೊಂಡರೆ ಅಂಟಿಕೊಳ್ಳುತ್ತದೆ. ಬೌಲೆ 1914ರಲ್ಲಿ ಅಣುವನ್ನೂ ಮೇಲ್ಮೈಯ ಪರಮಾಣುವನ್ನೂ ಡಿಕ್ಕಿ ಹೊಡೆಯುವ ಎರಡು ಗೋಲಿಗಳೆಂದು ಎಣಿಸಿ ಈ ನಷ್ಟವನ್ನು ಲೆಕ್ಕಹಾಕಿದ. 1932ರಲ್ಲಿ ಜಾಕ್ಸನ್ ಮತ್ತು ಮಾಟ್ ಇದಕ್ಕೆ ಕ್ವಾಂಟಂ ರೂಪ ಕೊಟ್ಟರು: ಘನದ ಕಂಪನ ಶಕ್ತಿಯನ್ನು ಕಂತುಕಂತಾಗಿಯೇ ಪಡೆಯಬೇಕು.

ಗೋಲಿಯ ಲೆಕ್ಕ ಎಲ್ಲಿ ಸೋಲುತ್ತದೆ ಎಂಬುದನ್ನು ಹೈಡ್ರೋಜನ್ ಪರಮಾಣು ಚೆನ್ನಾಗಿ ತೋರಿಸಿತು. ಚಿನ್ನದ ಪರಮಾಣು ಅದಕ್ಕಿಂತ ಸುಮಾರು 195 ಪಟ್ಟು ಭಾರ. ಸೂತ್ರದ ಪ್ರಕಾರ ಹೈಡ್ರೋಜನ್ ಕಳೆದುಕೊಳ್ಳುವುದು ಶೇ. 2ರಷ್ಟು. 2015ರಲ್ಲಿ ಪ್ರಕಟವಾದ ಗೋಟಿಂಗೆನ್ ಪ್ರಯೋಗದಲ್ಲಿ ಅದು ಸರಾಸರಿ ಮೂರನೆಯ ಒಂದು ಪಾಲನ್ನೇ ಕಳೆದುಕೊಂಡಿತು. ವಿದ್ಯುತ್ ಹರಿಯದ ಕ್ಸೆನಾನ್ ಪದರದ ಮೇಲೆ ಮಾತ್ರ ನಷ್ಟ ಅಲ್ಪ. ಚಿನ್ನದ ಮೇಲೆ ಆ ಹೆಚ್ಚಿನ ಶಕ್ತಿಯನ್ನು ನುಂಗಿದ್ದು ಲೋಹದ ಎಲೆಕ್ಟ್ರಾನ್‌ಗಳು. ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ಸಿನ ಚಲನೆಗೆ ತಕ್ಷಣ ಹೊಂದಿಕೊಂಡುಬಿಡುತ್ತವೆ ಎಂಬ ಬಾರ್ನ್–ಆಪನ್‌ಹೈಮರ್ ಊಹೆ ಇಲ್ಲಿ ನಿಲ್ಲುವುದಿಲ್ಲ.

ಇದಕ್ಕಿಂತ ತೊಡಕಿನದು ನೈಟ್ರಿಕ್ ಆಕ್ಸೈಡ್. 15ನೇ ಕಂಪನ ಮಟ್ಟಕ್ಕೆ ಏರಿಸಿದ ಈ ಅಣು ಚಿನ್ನಕ್ಕೆ ಬಡಿದಾಗ ಸುಮಾರು 1.5 ಎಲೆಕ್ಟ್ರಾನ್ ವೋಲ್ಟ್ ಕಂಪನಶಕ್ತಿ ಕಳೆದುಕೊಳ್ಳುತ್ತದೆಂದು 2000ದಲ್ಲಿ ವರದಿಯಾಯಿತು. ಶೆನ್ವಿ, ರಾಯ್, ಟಲ್ಲಿ ಅವರ 2009ರ ಮಾದರಿ ಆ ನಷ್ಟವನ್ನು ಸರಿಯಾಗಿಯೇ ತೋರಿಸಿತು, ಮೆಚ್ಚುಗೆಯೂ ಸಿಕ್ಕಿತು. 2014ರಲ್ಲಿ 3ನೇ ಮಟ್ಟದ ಅಣುವಿನೊಂದಿಗೆ ಒರೆಗೆ ಹಚ್ಚಿದಾಗ ಬಣ್ಣ ಬಯಲಾಯಿತು. ಮಾದರಿಯ ಮೇಲ್ಮೈ ತೀರಾ ಮೆತ್ತಗಿತ್ತು. ಅಣು ಒಂದೇ ಸಲ ಬಡಿದು ಮರಳಬೇಕಾದಲ್ಲಿ ಹಲವು ಸಲ ಪುಟಿಯುತ್ತಿತ್ತು. ಉತ್ತರ ಸರಿ, ದಾರಿ ತಪ್ಪು. ಈ ಕ್ಷೇತ್ರದ ಮುಖ್ಯ ದೌರ್ಬಲ್ಯವೇ ಇದು: ಒಂದು ಅಂಕಿ ತಾಳೆಯಾದ ಕೂಡಲೇ ಒಳಗಿನ ಕ್ರಿಯೆಯೂ ತಿಳಿದುಹೋಯಿತೆಂದು ಬಗೆಯುವುದು.

ಇನ್ನೊಂದು ಮಿತಿ ಮೇಲ್ಮೈಯದೇ. ಪರೀಕ್ಷೆಗಳೆಲ್ಲ ನಿರ್ವಾತದಲ್ಲಿಟ್ಟ ಶುದ್ಧ ಹರಳಿನ ಮೇಲೆ ನಡೆದವು. ಬೀದರಿನ ಬಿದ್ರಿ ಪಾತ್ರೆ ಅದಕ್ಕೆ ತದ್ವಿರುದ್ಧ. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ಕೂರಿಸಿದ ಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆತ ಬಿಸಿನೀರಿಗೆ ಒಡ್ಡುತ್ತಾರೆ. ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಹಾಗೆಯೇ ಹೊಳೆಯುತ್ತದೆ. ಅಸಂಖ್ಯ ಹರಳುಗಳು, ಎರಡು ಲೋಹಗಳ ಮಿಶ್ರಣ, ಸುತ್ತ ಲವಣದ ನೀರು. ಅಲುಗದ ಮೇಲ್ಮೈಯ ಮೇಲೆ ಎರಡು ಪರಮಾಣುಗಳ ಒಂದೇ ಅಣುವನ್ನು ಪೂರ್ಣ ಕ್ವಾಂಟಂ ರೀತಿಯಲ್ಲಿ ಲೆಕ್ಕಹಾಕಲು ಆರು ಆಯಾಮ ಬೇಕು. ಅಂಥ ಮಾದರಿ ಬಿದ್ರಿಯ ಮೇಲ್ಮೈಗೆ ಹೇಗೆ ಸಾಕಾದೀತು? ಇಲ್ಲಿ ನೆರವಾಗುವುದು ವಿದ್ಯುತ್‌ರಸಾಯನ.

ಹಾಗೆಂದು ಮಾದರಿಯನ್ನು ತಳ್ಳಿಹಾಕುವಂತಿಲ್ಲ. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್‌ಗಳ ವಿಜ್ಞಾನ ವಿದ್ಯಾರ್ಥಿಗೂ ಪರಿಚಿತವಾದ ಲ್ಯಾಂಗ್ಮ್ಯೂರ್ ಸಮೀಕರಣ ಎಷ್ಟು ಅಣು ಅಂಟಿವೆ ಎಂದು ಹೇಳುತ್ತದೆಯೇ ಹೊರತು, ಅಂಟುವ ಮೊದಲು ಅವುಗಳ ಶಕ್ತಿ ಎಲ್ಲಿ ಹೋಯಿತೆಂದಲ್ಲ. ಆ ಪ್ರಶ್ನೆಗೆ ಇಂದು ನಂಬಬಹುದಾದ ಉತ್ತರ ಇರುವುದು ಚಿನ್ನದ ಮೇಲಿನ ಹೈಡ್ರೋಜನ್‌ನಂಥ ಸರಳ ಜೋಡಿಗಳಿಗೆ ಮಾತ್ರ. ಬಿದ್ರಿಯ ಕಪ್ಪು ಅದರ ವ್ಯಾಪ್ತಿಗೆ ಬರುವುದಿಲ್ಲ.